ಕೆಂಚು ಕೂದಲು

ನಾಲ್ಕರ ಲೆಕ್ಕ ನಮಗೆ ಹೊಸದಲ್ಲ. ಆ ಲೆಕ್ಕದಲ್ಲಿ ಐದನೆಯವರಾಗಿ ಊರಾಚೆ ನಿಂತು ಗೊತ್ತು. ಹಾಗಾಗಿ ಕುಶಾಲನಗರದ ಬ್ಯೂಟಿ ಪಾರ್ಲರಿನಲ್ಲಿ ಕೆಲಸಕ್ಕಿರುವ ನಮ್ಮ ತಂಗಿ, ಮನುಷ್ಯರ ಮೈಬಣ್ಣದಲ್ಲಿ ನಾಲ್ಕು ಜಾತಿ ಉಂಟು, ಸ್ಪ್ರಿಂಗು, ಸಮ್ಮರು, ಆಟಮ್ಮು, ವಿಂಟರು, ನೋಡ್ಕಂಡು ಕೂದಲಿಗೆ ಬಣ್ಣ ಹಾಕ್ಬೇಕು ಅಂದಾಗ, ಲೈನ್ ಮನೆಯ ಜಗಲಿಯಲ್ಲಿ ಕೂತಿದ್ದ ನಾವೆಲ್ಲ ಗೊಳ್ಳೆಂದು ನಕ್ಕೆವು. ಮತ್ತೆ ನಾಲ್ಕೇ?

ನಮಗೆ ಗೊತ್ತಿರುವ ಕಾಲಗಳೇ ಬೇರೆ. ಕಕ್ಕಡದ ಜಡಿಮಳೆ, ಹುತ್ತರಿಯ ಬೆಳದಿಂಗಳು, ಕಾಫಿ ಕುಯ್ಲು, ಮಾರ್ಚಿಯ ಹೂಮಳೆ. ಆಟಮ್ ಅಂದರೆ ಎಲೆ ಉದುರುವ ಕಾಲವಂತೆ. ಕಾಫಿ ಗಿಡದ ಎಲೆ ಉದುರಿದರೆ ನಮ್ಮಲ್ಲಿ ರೋಗ ಬಂತು ಅಂತ ಅರ್ಥ!

ಈ ಲೆಕ್ಕ ಹುಟ್ಟಿದ್ದು ಯುರೋಪಿನಲ್ಲಿ. ಜರ್ಮನಿಯ ಬೌಹೌಸ್ ಶಾಲೆಯಲ್ಲಿ 1919ರಿಂದ 1923ರವರೆಗೆ ಮೇಷ್ಟರಾಗಿದ್ದ ಜೊಹಾನೆಸ್ ಇಟನ್ ಎಂಬಾತ, ತನ್ನ ವಿದ್ಯಾರ್ಥಿಗಳು ಇಷ್ಟಪಟ್ಟು ಬಳಿಯುವ ಬಣ್ಣಗಳಿಗೂ ಅವರ ಮೈ, ಕೂದಲಿನ ಬಣ್ಣಕ್ಕೂ ನಂಟಿದೆಯೆಂದು ಕಂಡವನು. 1961ರಲ್ಲಿ ಅದನ್ನು ಪುಸ್ತಕದಲ್ಲಿ ಬರೆದ. 1980ರಲ್ಲಿ ಅಮೆರಿಕದ ಕ್ಯಾರೊಲ್ ಜಾಕ್ಸನ್ 'ಕಲರ್ ಮಿ ಬ್ಯೂಟಿಫುಲ್' ಎಂಬ ಪುಸ್ತಕದಿಂದ ಇದನ್ನು ಮನೆಮನೆಗೆ ಮುಟ್ಟಿಸಿದಳು. ಬಿಳಿಯರಿಗೆ ನಾಲ್ಕು ಕಾಲಗಳೂ ಹಂಚಿಹೋದವು. ಕರಿಯರು, ಏಷ್ಯಾದವರು ಬಹುಪಾಲು 'ವಿಂಟರ್' ಎಂಬ ಒಂದೇ ಗೂಡಿಗೆ ಬಿದ್ದರು. ಲೋಕದ ಕಪ್ಪೆಲ್ಲ ಒಂದೇ ಕಪ್ಪು ಎಂದು ತಿಳಿದವರ ಕಣ್ಣು ಅದು. ನಮ್ಮ ಲೈನಿನ ಹದಿನಾರು ಮನೆಯೊಳಗೇ ಎಷ್ಟು ಥರದ ಕಪ್ಪಿದೆ, ಬಂದು ನೋಡಲಿ.

ಆದರೂ ಈ ಲೆಕ್ಕವನ್ನು ನಾವು ಪೂರ್ತಿ ತಳ್ಳಿಹಾಕುವುದಿಲ್ಲ. 1975ರಲ್ಲಿ ಬಂದ 'ಫೇರ್ ಅಂಡ್ ಲವ್ಲಿ' ನಮ್ಮ ಹೆಣ್ಣುಮಕ್ಕಳಿಗೆ ಬೆಳ್ಳಗಾಗು ಬೆಳ್ಳಗಾಗು ಎಂದು ಚುಚ್ಚುತ್ತಲೇ ಇತ್ತು. 'ಫೇರ್' ಎಂಬ ಮಾತು ಬಿಡಲು ಅದಕ್ಕೆ 2020ರವರೆಗೆ ಬೇಕಾಯಿತು. ಈ ಲೆಕ್ಕ ಹಾಗಲ್ಲ. ಇರುವ ಮೈಬಣ್ಣ ಹಾಗೇ ಇರಲಿ, ಕೂದಲು ಅದಕ್ಕೆ ಹೊಂದಲಿ ಅನ್ನುತ್ತದೆ. ಚರ್ಮದ ಒಳಛಾಯೆ ಬಿಸಿಯೋ ತಂಪೋ, ಒಟ್ಟು ಬಣ್ಣ ತಿಳಿಯೋ ಕಡುವೋ, ನಿಚ್ಚಳವೋ ಮಂಕೋ, ಇಷ್ಟೇ ಅದರ ವಿಚಾರಣೆ.

"ಒಸಿ ಸುಮ್ನೆ ಕೂತ್ಕೊಳಣ್ಣ" ಎಂದು ತಂಗಿ ನಮ್ಮನ್ನು ಬಿಸಿಲು ನೇರ ಬೀಳದ ಕಡೆ ಕೂರಿಸಿದಳು. ಬೆಳ್ಳಿ ಒಪ್ಪುತ್ತದೋ ಚಿನ್ನ ಒಪ್ಪುತ್ತದೋ ನೋಡಬೇಕಂತೆ. ಎರಡೂ ಮನೆಯಲ್ಲಿಲ್ಲ. ಸ್ಟೀಲ್ ತಟ್ಟೆ, ಹಿತ್ತಾಳೆ ಚೊಂಬು ಹಿಡಿದು ನೋಡಿದಳು. ತಟ್ಟೆ ಹಿಡಿದಾಗ ಮುಖಕ್ಕೆ ಬೂದಿ ಬಡಿದಂತೆ ಇತ್ತು, ಕಣ್ಣಿನ ಕೆಳಗಿನ ಕಪ್ಪು ಎದ್ದು ಬಂತು. ಚೊಂಬು ಹಿಡಿದಾಗ ಅದೇ ಮುಖ ತಿಳಿಯಾಯಿತು. ಇದು ಮಾಟವಲ್ಲ, ಕಣ್ಣಿಗೆ ಕಂಡದ್ದು. "ನಮ್ಮನೇರದು ಡೀಪ್ ಆಟಮ್ ಕಣಣ್ಣ. ಕಡುಗಂದು, ಚೆಸ್ಟ್‌ನಟ್, ಇಲ್ಲಾಂದ್ರೆ ಕಾಪರ್ ಹಾಕ್ಬೇಕು" ಅಂದಳು.

ಕಾಪರ್! ಆ ಬಣ್ಣ ನಮ್ಮ ತಲೆಯ ಮೇಲೆ ಪುಕ್ಕಟೆ ಇತ್ತಲ್ಲ ಗೆಳೆಯರೇ. ಗಂಜಿ ಕುಡಿದು ಬಿಸಿಲಲ್ಲಿ ಬೆಳೆದ ಲೈನಿನ ಮಕ್ಕಳ ತಲೆಯೆಲ್ಲ ಕೆಂಚು. ಇಸ್ಕೂಲಿನಲ್ಲಿ ನಮ್ಮ ಹೆಸರು ಕರೆಯುತ್ತಿರಲಿಲ್ಲ, "ಏ ಕೆಂಚಾ, ಎಣ್ಣೆ ಕಾಣದ ತಲೆ" ಅನ್ನುತ್ತಿದ್ದರು. ಹೊಟ್ಟೆಗೆ ಬೇಳೆ, ಮೊಟ್ಟೆ ಸಾಲದೆ ಹೋದರೆ ಕೂದಲಿನ ಕಪ್ಪು ಇಳಿಯುತ್ತದೆ, ಒಣಗಿ ಕೆಂಪಗಾಗುತ್ತದೆ ಎಂದು ಓದಿದ್ದು ಎಷ್ಟೋ ವರ್ಷದ ಮೇಲೆ, ಕಾಲೇಜಿನಲ್ಲಿ. 1930ರ ದಶಕದಲ್ಲಿ, ಇಂದಿನ ಘಾನಾದಲ್ಲಿ ಡಾಕ್ಟರಾಗಿದ್ದ ಸಿಸಿಲಿ ವಿಲಿಯಮ್ಸ್ ಲೋಕಕ್ಕೆ ತಿಳಿಸಿದ ಕ್ವಾಷಿಯೋರ್ಕರ್ ಎಂಬ ಮಕ್ಕಳ ಕಾಯಿಲೆಯಲ್ಲಿ ಇದೂ ಒಂದು ಗುರುತು. ಹಸಿವು ಬಳಿದರೆ ಅದು ಕೆಂಚು. ಪಾರ್ಲರು ಬಳಿದರೆ ಕಾಪರ್. ಪಾರ್ಲರಿನಲ್ಲಿ ಮೊದಲು ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಕೂದಲೊಳಗಿನ ಕಪ್ಪನ್ನು ಸುಟ್ಟು, ಆಮೇಲೆ ಕೆಂಪು ತುಂಬುತ್ತಾರೆ. ಅದರ ಬಿಲ್ಲು ಅವ್ವನ ವಾರದ ಕೂಲಿಗಿಂತ ಜಾಸ್ತಿ.

ಅವ್ವನದು ಬೇರೆ ಪಾಡು. ಅವಳ ತಲೆ ಪೂರಾ ನೆರೆತಿದೆ. ಕುಯ್ಲಿನ ಕಾಲಕ್ಕೆ ಜೀಪು ಹತ್ತಿಸುವಾಗ ಮೇಸ್ತ್ರಿ ತಲೆ ನೋಡುತ್ತಾನೆ. ನೆರೆತ ತಲೆಯವರಿಗೆ, "ನಾಳೆ ಬಾ ಅಜ್ಜಿ." ಅದಕ್ಕೇ ಪ್ರತಿವರ್ಷ ಅಂಗಡಿಯಿಂದ ಕರಿ ಪುಡಿ ಪಾಕೀಟು ತಂದು ಬಳಿದುಕೊಳ್ಳುತ್ತಿದ್ದಳು. ಹೋದ ವರ್ಷ ಹಣೆ, ಕಣ್ಣು ಬಾತು ಎರಡು ದಿನದ ಕೂಲಿ ಹೋಯಿತು. ಪ್ಯಾರಾಫಿನಿಲಿನ್ ಡೈಅಮೈನ್ ಎಂಬ ರಾಸಾಯನಿಕ ಕೆಲವರಿಗೆ ಹೀಗೆ ಮಾಡುತ್ತದೆ, ಕಡುಗಂದಿನ ಪಾಕೀಟಿನಲ್ಲೂ ಅದಿರುತ್ತದೆ, ಬಳಿಯುವ ಮೊದಲು ಮೊಣಕೈ ಒಳಗೆ ಒಂದಿಷ್ಟು ಹಚ್ಚಿ 48 ಗಂಟೆ ಕಾಯಬೇಕು, ಒಮ್ಮೆ ಬಾತವರು ಮತ್ತೆ ಮುಟ್ಟಲೇಬಾರದು ಎಂದು ತಂಗಿ ಲೈನಿನ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಳು. ಈ ಮಾತಿಗಾದರೂ ಅವಳು ಕಲಿತದ್ದು ಸಾರ್ಥಕ ಅಂತ ನಮಗನ್ನಿಸಿತು.

ಹಾಗಾದರೆ ಅವ್ವನಿಗೇನು? ಲೆಕ್ಕದ ಪ್ರಕಾರ ಮದರಂಗಿ. ನೆರೆತ ಕೂದಲಿಗೆ ಕೆಂಪು ಹತ್ತುತ್ತದೆ, ಅವಳ ಕಂದು ಮುಖಕ್ಕೆ ಚೆನ್ನಾಗಿಯೂ ಒಪ್ಪುತ್ತದೆ. ಅವ್ವ ಕೇಳಲಿಲ್ಲ. "ಮಕಕ್ಕೆ ಒಪ್ಪುದ್ರೆ ಆಯ್ತೇನವ್ವ? ಮೇಸ್ತ್ರಿ ಕಣ್ಗೆ ಒಪ್ಬೇಡ್ವಾ? ಕೆಂಪು ತಲೆ ಮಾಡ್ಕಂಡೋದ್ರೆ ಮುದ್ಕಿ ಬಣ್ಣ ಬಳ್ಕಂಡವ್ಳೆ ಅಂತಾನೆ" ಅಂದಳು. ಈ ಪ್ರಶ್ನೆಗೆ ಇಟನ್ ಮೇಷ್ಟ್ರ ಬಳಿ ಉತ್ತರವಿಲ್ಲ, ಅವರ ಬಣ್ಣದ ಚಕ್ರದಲ್ಲಿ ಮೇಸ್ತ್ರಿ ಕೂತಿಲ್ಲ.

ಕೊನೆಗೆ ತಂಗಿಯೇ ದಾರಿ ಹುಡುಕಿದಳು. ಮೊದಲ ರಾತ್ರಿ ಮದರಂಗಿ, ತೊಳೆದ ಮೇಲೆ ನೀಲಿ ಸೊಪ್ಪಿನ ಪುಡಿ. ಎರಡೂ ಕೂಡಿ ಕಡುಗಂದಾಯಿತು, ಮಬ್ಬು ಬೆಳಕಿನಲ್ಲಿ ಕಪ್ಪೇ ಅನ್ನಬೇಕು. ಪಾಕೀಟಿನಲ್ಲಿ ಬೇರೇನೂ ಬೆರೆಸಿಲ್ಲ ತಾನೇ ಎಂದು ಎರಡು ಸಲ ಓದಿ, ಮೊಣಕೈಗೆ ಹಚ್ಚಿ ಎರಡು ದಿನ ಕಾದು ನೋಡಿಯೇ ಬಳಿದದ್ದು. ಹುತ್ತರಿ ಕಳೆದಿದೆ, ಅರೇಬಿಕಾ ಕುಯ್ಲು ಹಿಡಿದಿದೆ. ಅವ್ವ ಬೆಳಿಗ್ಗೆ ಏಳಕ್ಕೆ ಜೀಪು ಹತ್ತಿದಳು. ಪಕ್ಕದ ಲೈನಿನ ಮೂವರು ಹೆಂಗಸರು ಭಾನುವಾರಕ್ಕೆ ತಂಗಿಯನ್ನು ಕೇಳಿಕೊಂಡು ಹೋಗಿದ್ದಾರೆ.