ದಾದಾ ಹೇಳಿದ ಕಪ್ಪಿನ ಕಥೆ

ನಮ್ಮ ಕುರೆಕುಪ್ಪದಲ್ಲಿ ಫುಟ್‌ಬಾಲ್ ಬಗ್ಗೆ ಮಾತಾಡೋಕೆ ಜನ ಸಿಗೋದು ಕಷ್ಟ. ಬಯಲು ಕಂಡರೆ ಮೂರು ಕಡ್ಡಿ ನೆಟ್ಟು ಕ್ರಿಕೆಟ್ ಶುರು ಮಾಡೋರು ನಾವು. ಆದರೆ ಪಕ್ಕದ ತೋರಣಗಲ್ಲಿಗೆ ಜಿಂದಾಲ್ ಕಾರ್ಖಾನೆ ಬಂದಮೇಲೆ ದೇಶದ ಮೂಲೆಮೂಲೆಯಿಂದ ಜನ ಬಂದರಲ್ಲ, ಹಾಗೆ ಬಂದವರಲ್ಲಿ ಒಬ್ಬರು ನಮ್ಮ ಓಣಿಯಲ್ಲಿ ಬಾಡಿಗೆಗಿದ್ದ ಬಂಗಾಳಿ ದಾದಾ.

ಸಂಜೆ ಶಿಫ್ಟ್ ಮುಗಿಸಿ ಚಹಾದಂಗಡಿಗೆ ಬಂದರೆ ಅವರದು ಒಂದೇ ಕಥೆ. 2003ರಲ್ಲಿ ಈಸ್ಟ್ ಬೆಂಗಾಲ್ ಜಕಾರ್ತಾದಲ್ಲಿ ಆಸಿಯಾನ್ ಕ್ಲಬ್ ಚಾಂಪಿಯನ್‌ಶಿಪ್ ಗೆದ್ದದ್ದು!

"ಆಗ್ನೇಯ ಏಷ್ಯಾದವರ ಟೂರ್ನಿಯಲ್ಲಿ ನಿಮಗೇನ್ ಕೆಲಸಾರೀ ದಾದಾ?" ಅಂತ ನಾನು ಕಾಲೆಳೀತಿದ್ದೆ.

"ಮದುವೆಗೆ ಕರದ್ರೆ ಹೋಗಲ್ವಾ ತಮ್ಮಾ? ಹಂಗೇ ಕರದ್ರು, ಹೋದ್ವಿ" ಅನ್ನೋರು.

ನಿಜಕ್ಕೂ ಅದು ಅತಿಥಿಯಾಗಿ ಹೋದ ತಂಡ. ಕೋಚ್ ಸುಭಾಷ್ ಭೌಮಿಕ್ ಹೊರಡೋ ಮುಂಚೆ ಹುಡುಗರನ್ನೆಲ್ಲ ಕಲ್ಕತ್ತಾದ ಪಂಚತಾರಾ ಹೋಟೆಲಿನಲ್ಲಿಟ್ಟು ತಯಾರಿ ಮಾಡಿಸಿದ್ದರು. ಆದರೂ ಮೊದಲ ಪಂದ್ಯದಲ್ಲೇ ಥಾಯ್ಲೆಂಡಿನ ಬಿಇಸಿ ಟೆರೊ ಸಸಾನ ಎದುರು 0-1 ಸೋಲು. ಮುಂದಿನ ಪಂದ್ಯದಲ್ಲಿ ಫಿಲಿಪ್ಪೀನ್ಸ್ ಸೇನಾ ತಂಡವನ್ನು 6-0ಯಿಂದ ಸೋಲಿಸಿದರು, ಆರೂ ಗೋಲು ಬೈಚುಂಗ್ ಭುಟಿಯಾನದ್ದೇ! ಆಮೇಲೆ ಆತಿಥೇಯ ಇಂಡೋನೇಷ್ಯಾದ ಎರಡು ತಂಡಗಳು. ಪರ್ಸಿತಾ ಮೇಲೆ 2-1, ಪೆಟ್ರೋಕಿಮಿಯಾ ಪುತ್ರ ಮೇಲೆ ಪೆನಾಲ್ಟಿಯಲ್ಲಿ ಗೆಲುವು. ಜುಲೈ 26ರ ಫೈನಲ್‌ನಲ್ಲಿ ಮತ್ತೆ ಅದೇ ಟೆರೊ ಸಸಾನ, ಅದೇ ವರ್ಷ ಏಷ್ಯನ್ ಚಾಂಪಿಯನ್ಸ್ ಲೀಗ್ ಫೈನಲ್ ಕೂಡ ಆಡಿದ ತಂಡ. ಈ ಸಲ 3-1. ಗೋಲು ಹೊಡೆದವರು ಮೈಕ್ ಓಕೊರೊ, ಭುಟಿಯಾ, ಅಲ್ವಿಟೊ ಡಿಕುನ್ಹಾ.

ತಂಡ ವಾಪಸ್ ಬಂದಾಗ ಗೆಳೆಯನ ಸ್ಕೂಟರಿನಲ್ಲಿ ವಿಮಾನ ನಿಲ್ದಾಣಕ್ಕೆ ಹೋಗಿ, ಜನರ ನೂಕಾಟದಲ್ಲಿ ಚಪ್ಪಲಿ ಕಳಕೊಂಡಿದ್ದನ್ನು ದಾದಾ ಎಷ್ಟು ಸಲ ಹೇಳಿದ್ದಾರೋ!

ಆ ಟೂರ್ನಿ ಇನ್ನೊಂದೇ ಸಲ ನಡೀತು. 2005ರಲ್ಲಿ ಬ್ರೂನೈಯಲ್ಲಿ, ಸಿಂಗಪುರದ ಟ್ಯಾಂಪಿನ್ಸ್ ರೋವರ್ಸ್ ಗೆದ್ದಿತು. ಆಮೇಲೆ ಸುದ್ದಿಯೇ ಇಲ್ಲ. ನಾನಂತೂ ಮುಖಕ್ಕೇ ಹೇಳಿದ್ದೆ, "ಎರಡು ಸಲ ನಡೆದು ನಿಂತುಹೋದ ಕಪ್ಪಿಗೆ ಇಷ್ಟೊಂದು ಬಿಲ್ಡಪ್ಪಾ?" ಅಂತ. ದಾದಾ ನಕ್ಕು ಸುಮ್ಮನಾಗಿದ್ದರು.

ನನ್ನ ಸರದಿ 2016ರಲ್ಲಿ ಬಂತು. ಜಿಂದಾಲ್‌ನವರೇ 2013ರಲ್ಲಿ ಕಟ್ಟಿದ ಬೆಂಗಳೂರು ಎಫ್‌ಸಿ ಎಎಫ್‌ಸಿ ಕಪ್ ಆಡ್ತಿತ್ತು. ಕಂಠೀರವದಲ್ಲಿ ಮಲೇಷ್ಯಾದ ಜೊಹೋರ್ ತಂಡವನ್ನು 3-1ರಿಂದ ಸೋಲಿಸಿ, ಆ ಕಪ್ಪಿನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಅನ್ನಿಸಿಕೊಂಡಿತು. ಕಾರ್ಖಾನೆಯ ಹೊಗೆ ನಮ್ಮ ಊರಿನ ಆಕಾಶದಲ್ಲೇ ಕಾಣೋದರಿಂದಲೋ ಏನೋ, ಅದು ನಮ್ಮದೇ ತಂಡ ಅನ್ನಿಸಿಬಿಟ್ಟಿತ್ತು!

ನವೆಂಬರ್ 5ರ ರಾತ್ರಿ ದಾದಾ ಮನೆಯಲ್ಲಿ ಟಿವಿ ಮುಂದೆ ಕೂತಿದ್ವಿ. ದೋಹಾದಲ್ಲಿ ಇರಾಕಿನ ವಾಯುಪಡೆ ಕ್ಲಬ್ ಎದುರಾಳಿ. 70ನೇ ನಿಮಿಷಕ್ಕೆ ಹಮ್ಮಾದಿ ಅಹ್ಮದ್ ಗೋಲು ಹೊಡೆದ. 0-1. ಅಷ್ಟೇ, ಮುಗೀತು. ನನಗೆ ಗಂಟಲು ಕಟ್ಟಿತ್ತು. ಬೌದಿ ತಂದಿಟ್ಟ ಊಟ ಸೇರಲಿಲ್ಲ.

"ಈಗ ಗೊತ್ತಾಯ್ತಾ ತಮ್ಮಾ?" ಅಂದರು ದಾದಾ, ಮೆತ್ತಗೆ. "ಕಪ್ಪು ದೊಡ್ಡದೋ ಸಣ್ಣದೋ ಅಂತ ಕೇಳ್ತಾ ಕೂತಿದ್ಯಾ ನೀನು ಇವತ್ತು?"

ಕೇಳಿರಲಿಲ್ಲ. ಅವರ ಕಪ್ಪನ್ನು ಅಷ್ಟು ವರ್ಷ ಹಂಗಿಸಿದ್ದು ನೆನಪಾಗಿ ತಲೆ ತಗ್ಗಿಸಿದೆ.

ಆಮೇಲೆ ದಾದಾ ರಿಟೈರಾಗಿ ಊರಿಗೆ ಹೊರಟುಹೋದರು. ನಾನು ಅತ್ತ ಎಎಫ್‌ಸಿ ಕಪ್ಪೂ 2024ಕ್ಕೆ ಮುಗೀತು, ಆ ಜಾಗಕ್ಕೆ ಬೇರೆ ಹೆಸರಿನ ಲೀಗ್ ಬಂತು. ಆದರೆ ಅದೇ ವರ್ಷ ದಾದಾ ಅವರ ಆಸಿಯಾನ್ ಕಪ್ಪು ಹತ್ತೊಂಬತ್ತು ವರ್ಷದ ನಂತರ ಮತ್ತೆ ಶುರುವಾಯ್ತು! ಓದಿದ ತಕ್ಷಣ ಫೋನ್ ಮಾಡಿದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು, "ನಮ್ಮನ್ನ ಕರದಿದಾರಾ?"

ಇಲ್ಲ ದಾದಾ, ಈ ಸಲ ಅವರವರೇ ಆಡ್ತಿದಾರೆ ಅಂದೆ.

"ಹೋಗ್ಲಿ ಬಿಡು. ಒಂದ್ಸಲ ಮದುವೆ ಊಟ ಮಾಡಿ ಬಂದಿದೀವಲ್ಲ" ಅಂತ ನಕ್ಕರು.

ನಿಮ್ಮೂರಲ್ಲೂ ಹೀಗೆ ಎಲ್ಲರೂ ಮರೆತ ಕಪ್ಪೊಂದನ್ನು ಒಬ್ಬರೇ ನೆನಪಿಟ್ಟುಕೊಂಡಿರೋರು ಇದಾರಾ? ಇದ್ದರೆ ಕಾಲೆಳೀಬೇಡಿ, ಕೂತು ಕೇಳಿ.