ಮೂಗಿನ ಬಾಗಿಲು, ರಕ್ತದ ಕಾವಲು

ನಮ್ಮ ತಾಯಿಯವರು ಹಜ್ಜ್ ಯಾತ್ರೆಗೆ ಸಿದ್ಧರಾಗುತ್ತಿದ್ದ ದಿನಗಳಲ್ಲಿ ವಿಜಯನಗರದ ನಮ್ಮ ಮನೆಯಲ್ಲಿ ಸಂತೋಷದ ಜೊತೆಗೆ ಒಂದು ಚಿಂತೆಯೂ ಇತ್ತು. ಅವರಿಗೆ 68 ವರ್ಷ, ಜೊತೆಗೆ ಉಬ್ಬಸ. ಲಕ್ಷಾಂತರ ಜನ ಸೇರುವಲ್ಲಿ ಫ್ಲೂ ಹರಡುವುದು ಸುಲಭವೆಂದು ವೈದ್ಯರು ಲಸಿಕೆ ಸೂಚಿಸಿದ್ದರು. ತಾಯಿಗೋ ಸೂಜಿಯೆಂದರೆ ಭಯ. “ಲಂಡನ್ನಿನಲ್ಲಿ ಮೊಮ್ಮಗನಿಗೆ ಶಾಲೆಯಲ್ಲಿ ಮೂಗಿಗೆ ಸಿಂಪಡಿಸಿದರಂತೆ, ನನಗೂ ಅದೇ ಸಾಕು” ಎಂದರು.

ವೈದ್ಯರು ತಾಳ್ಮೆಯಿಂದ ವಿವರಿಸಿದರು. ಸಿಂಪಡಿಸುವ ಲಸಿಕೆಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಅದು ತಂಪಾದ ಮೂಗಿನಲ್ಲಿ ಬೆಳೆಯಬಲ್ಲದು, ಬೆಚ್ಚಗಿನ ಶ್ವಾಸಕೋಶದಲ್ಲಿ ಬೆಳೆಯಲಾರದು. ಅದರಿಂದ ಮೂಗಿನ ಒಳಪೊರೆಯಲ್ಲೇ ಐಜಿಎ ಎಂಬ ಪ್ರತಿಕಾಯ ಹುಟ್ಟುತ್ತದೆ. ರೋಗವನ್ನು ಬಾಗಿಲಲ್ಲೇ ತಡೆಯುವ ಕಾವಲು ಅದು. ಚುಚ್ಚುಮದ್ದು ರಕ್ತದಲ್ಲಿ ಐಜಿಜಿ ಪ್ರತಿಕಾಯವನ್ನು ಹೆಚ್ಚಿಸುತ್ತದೆ. ಮೂಗಿನಲ್ಲಿ ಅದರ ಪ್ರಭಾವ ಕಡಿಮೆ. ವೃದ್ಧರ ದೇಹದಲ್ಲಿ ಹಳೆಯ ಸೋಂಕುಗಳ ಪ್ರತಿಕಾಯಗಳಿರುವುದರಿಂದ ಸಿಂಪಡಿಸಿದ ವೈರಸ್ ಬೇರೂರುವ ಮೊದಲೇ ಸೋಲಬಹುದು. ಆದುದರಿಂದ ಅದು ಮುಖ್ಯವಾಗಿ ಮಕ್ಕಳಿಗೆ; ತಾಯಿಯವರಿಗೆ ಸೂಜಿಯೇ ಸರಿ. ಮಕ್ಕಳಲ್ಲೂ ಅದರ ಫಲ ಪ್ರತಿವರ್ಷ ಒಂದೇ ರೀತಿ ಇರದು. ರಕ್ಷಣೆ ಸಾಲದೆಂದು ಅಮೆರಿಕ 2016ರಲ್ಲಿ ಅದರ ಶಿಫಾರಸನ್ನು ಕೈಬಿಟ್ಟು, 2018ರಲ್ಲಿ ಮರಳಿ ತಂದಿತು.

ಅಷ್ಟರಲ್ಲಿ ಇನ್ನೊಂದು ವಿಷಯ ತಾಯಿಯ ಕಿವಿಗೆ ಬಿತ್ತು. ಬ್ರಿಟನ್ನಿನ ಆ ಸಿಂಪಡಣೆಯಲ್ಲಿ ಹಂದಿಯ ಜಿಲೆಟಿನ್ ಇದೆ. “ಮಗುವಿಗೆ ಹರಾಮ್ ಕೊಟ್ಟೆವೇ?” ಎಂದು ಆ ರಾತ್ರಿ ಅವರು ನಿದ್ರಿಸಲಿಲ್ಲ. ನಮ್ಮಲ್ಲೂ ಉತ್ತರವಿರಲಿಲ್ಲ. ಮರುದಿನ ಒಬ್ಬ ಆಲಿಮರನ್ನು ಕಂಡೆವು. ಮೂಲರೂಪ ಸಂಪೂರ್ಣ ಬದಲಾದ ಜಿಲೆಟಿನ್ ಶುದ್ಧವೆಂದು 1995ರಲ್ಲಿ ಕುವೈತಿನಲ್ಲಿ ಸೇರಿದ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ, ಒಪ್ಪದವರೂ ಇದ್ದಾರೆ ಎಂದರು. ಮನಸ್ಸು ಒಪ್ಪದವರ ಮಕ್ಕಳಿಗೆ ಅಲ್ಲಿ ಜಿಲೆಟಿನ್ ಇಲ್ಲದ ಚುಚ್ಚುಮದ್ದೂ ಲಭ್ಯ. ತಿಳಿಯದೆ ಮಾಡಿದ್ದಕ್ಕೆ ಅಲ್ಲಾಹನು ಹಿಡಿಯುವವನಲ್ಲ ಎಂಬ ಅವರ ಮಾತಿನಿಂದ ತಾಯಿಯ ಕಣ್ಣು ತುಂಬಿತು.

ವುಝೂವಿನಲ್ಲಿ ಮೂಗಿಗೆ ನೀರನ್ನು ಚೆನ್ನಾಗಿ ಎಳೆದುಕೊಳ್ಳಲು, ಉಪವಾಸವಿದ್ದಾಗ ಮಾತ್ರ ಹಾಗೆ ಮಾಡದಿರಲು ಪ್ರವಾದಿ(ಸ)ರು ಕಲಿಸಿದ್ದಾರೆ. ಮೂಗೂ ಒಳಗಿನ ದಾರಿಯೆಂಬ ಈ ಎಚ್ಚರದಿಂದಲೇ, ಉಪವಾಸದಲ್ಲಿ ಮೂಗಿನ ಔಷಧವನ್ನು ಅನೇಕ ವಿದ್ವಾಂಸರು ಒಪ್ಪುವುದಿಲ್ಲ. ಪೋಷಣೆ ನೀಡದ ಚುಚ್ಚುಮದ್ದಿನಿಂದ ಉಪವಾಸ ಮುರಿಯದೆಂಬುದು ಸಮಕಾಲೀನ ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ.

ಪ್ರಯಾಣಕ್ಕೆ ಮೂರು ವಾರ ಮುಂಚೆ ತಾಯಿ ಬಿಸ್ಮಿಲ್ಲಾಹ್ ಹೇಳಿ ತೋಳು ಚಾಚಿದರು. ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕು. ಮರಳಿ ಬಂದಾಗ ಸ್ವಲ್ಪ ಕೆಮ್ಮಿತ್ತು, ಜ್ವರವಿರಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಅದು ಲಸಿಕೆಯಿಂದಲೇ ಎಂದು ನಾವು ಹೇಳಲಾರೆವು. ದೇಹದ ಪ್ರಶ್ನೆಯನ್ನು ವೈದ್ಯರಲ್ಲಿ, ದೀನ್‌ನ ಪ್ರಶ್ನೆಯನ್ನು ಆಲಿಮರಲ್ಲಿ ಕೇಳಿದ ನೆಮ್ಮದಿ ಮಾತ್ರ ನಮ್ಮದು.