ಅಲ್ಪವಿರಾಮವೂ ನಾನೂ

ಸ್ಮರಣ ಸಂಚಿಕೆಗೆ ಕನ್ನಡ ಪಂಡಿತನಾದವನು ವಚನ ವಾಙ್ಮಯವನ್ನೋ ಶಬ್ದಮಣಿದರ್ಪಣವನ್ನೋ ಕುರಿತು ಬರೆಯುವುದು ವಾಡಿಕೆ. ಈ ಸಲ ಇಂಗ್ಲಿಷಿನ ಒಂದು ಸಣ್ಣ ಚಿಹ್ನೆಯ ವಿಚಾರ ಬರೆಯುತ್ತೇನೆಂದಾಗ ಸಂಪಾದಕ ಮಂಡಳಿಯ ಮಿತ್ರರು ನಕ್ಕರು. ನಗಲಿ. ಆ ಚಿಹ್ನೆಯ ದೆಸೆಯಿಂದ ನಮ್ಮ ಪ್ರಸಾದ ನಿಲಯದ ಹುಡುಗನೊಬ್ಬ ಶಾಲೆ ಬಿಟ್ಟು ಹೋಗುವುದರಲ್ಲಿದ್ದ, ಅದರಲ್ಲಿ ನನ್ನ ಪಾಲೂ ಇತ್ತು.

ಹುಡುಗ ಹತ್ತನೆಯ ತರಗತಿಯವನು. ಕನ್ನಡ ಪ್ರಬಂಧದಲ್ಲಿ ಅವನಿಗೆ ಸಾಟಿಯಿರಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯ ಇಂಗ್ಲಿಷ್ ಉತ್ತರಪತ್ರಿಕೆ ಕೈಗೆ ಬಂದ ದಿನ ಸಂಜೆ ಅವನು ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಾನೆಂದು ಜೊತೆಯವರು ಓಡಿಬಂದು ಹೇಳಿದರು. ಹೋಗಿ ನೋಡಿದೆ. ಪತ್ರಿಕೆಯ ತುಂಬ ಕೆಂಪು ವೃತ್ತಗಳು. ಒಂದೊಂದರೊಳಗೂ ಒಂದೊಂದು ಅಲ್ಪವಿರಾಮ. “ಗುರುಗಳೇ, ನೀವು ಕನ್ನಡದಲ್ಲಿ ಮೆಚ್ಚಿದ ಹಾಗೆಯೇ ಬರೆದಿದ್ದೇನೆ. ತಪ್ಪೇನೆಂದೇ ತಿಳಿಯದು. ಇಂಗ್ಲಿಷು ನಮ್ಮಂಥವರಿಗಲ್ಲ” ಎಂದ.

ತಪ್ಪೇನೆಂದು ನನಗೂ ತಿಳಿಯಲಿಲ್ಲ. ಮರುದಿನ, ನನಗಿಂತ ಇಪ್ಪತ್ತು ವರ್ಷ ಕಿರಿಯರಾದ ಇಂಗ್ಲಿಷ್ ಅಧ್ಯಾಪಕರ ಬಳಿಗೆ ಆ ಪತ್ರಿಕೆ ಹಿಡಿದು ಹೋದೆ. ಜಗಳಕ್ಕೆಂದು ಹೋದವನು ಶಿಷ್ಯನಾಗಿ ಕುಳಿತೆ.

ಮೊದಲ ಕೆಂಪು ವೃತ್ತವಿದ್ದುದು ‘ದಿ ರೇನ್ ಕೇಮ್, ದಿ ಟ್ಯಾಂಕ್ ಫಿಲ್ಡ್’ ಎಂಬಲ್ಲಿ. ‘ಮಳೆ ಬಂತು, ಕೆರೆ ತುಂಬಿತು’ ಎಂದು ಹುಡುಗನು ಕನ್ನಡದಲ್ಲಿ ಬರೆದಿದ್ದರೆ ನಾನು ಅಂಕ ಕೊಡುತ್ತಿದ್ದೆ. ಇಂಗ್ಲಿಷಿನ ಶಾಸ್ತ್ರ ಬೇರೆ. ಕರ್ತೃಪದವೂ ಪೂರ್ಣ ಕ್ರಿಯಾಪದವೂ ಉಳ್ಳದ್ದು ಅಲ್ಲಿ ಸ್ವತಂತ್ರ ವಾಕ್ಯ. ಅಂಥ ಎರಡು ವಾಕ್ಯಗಳನ್ನು ಹಿಡಿದು ನಿಲ್ಲಿಸುವ ಬಲ ಒಂಟಿ ಅಲ್ಪವಿರಾಮಕ್ಕಿಲ್ಲ. ನಡುವೆ ಪೂರ್ಣವಿರಾಮವಿಡಬೇಕು, ಇಲ್ಲವೆ ಅರ್ಧವಿರಾಮವಿಡಬೇಕು, ಇಲ್ಲವೆ ಅಲ್ಪವಿರಾಮದ ಬೆನ್ನಿಗೆ ‘ಆ್ಯಂಡ್’ ಅಥವಾ ‘ಸೋ’ ಬರಬೇಕು. ‘ವೆನ್ ದಿ ರೇನ್ ಕೇಮ್’ ಎಂದು ಮೊದಲನೆಯದನ್ನು ಅಧೀನ ವಾಕ್ಯ ಮಾಡಿದರೆ ಮಾತ್ರ ಅಲ್ಪವಿರಾಮವೊಂದೇ ಸಾಕು.

ಇಷ್ಟು ಕೇಳಿದ ಮೇಲೆ ರೋಗದ ಮೂಲ ನನಗೆ ಹೊಳೆಯಿತು. ಅದು ಹುಡುಗನ ಅಜಾಗ್ರತೆಯಲ್ಲ, ನಮ್ಮ ನುಡಿಯ ಜಾಯಮಾನ. ‘ಎದ್ದು, ಮಿಂದು, ಪೂಜೆ ಮಾಡಿ, ಉಂಡು ಶಾಲೆಗೆ ಹೋದನು’ ಎಂಬಲ್ಲಿ ಪೂರ್ಣ ಕ್ರಿಯಾಪದ ಕಡೆಯದೊಂದೇ. ಉಳಿದವೆಲ್ಲ ಕೃದಂತಾವ್ಯಯಗಳು, ಅವು ವಾಕ್ಯವನ್ನು ಮುಗಿಯಗೊಡುವುದಿಲ್ಲ. ಹುಡುಗ ಇದನ್ನೇ ಇಂಗ್ಲಿಷಿಗೆ ಒಯ್ದಾಗ ‘ಎದ್ದು’ ಎಂಬುದು ‘ಹಿ ಗಾಟ್ ಅಪ್’ ಆಯಿತು, ‘ಮಿಂದು’ ಎಂಬುದು ‘ಹಿ ಬೇದ್ಡ್’ ಆಯಿತು. ಕ್ರಿಯಾಪದಗಳೆಲ್ಲ ಪೂರ್ಣವಾದವು, ಅವುಗಳ ನಡುವಣ ಅಲ್ಪವಿರಾಮಗಳು ಮಾತ್ರ ಕನ್ನಡದವೇ ಉಳಿದವು. ಎರಡು ಪೂರ್ಣ ಕ್ರಿಯಾಪದಗಳನ್ನು ಬೆಸೆಯಲು ನಮ್ಮಲ್ಲಿ ಸಮುಚ್ಚಯವೂ ದುರ್ಬಲವೇ. ‘ರಾಮನೂ ಲಕ್ಷ್ಮಣನೂ’ ಎನ್ನಬಹುದು, ‘ಬಂದನೂ ಕುಳಿತನೂ’ ಎನ್ನುವಂತಿಲ್ಲ. ಇದನ್ನು ತಿಳಿಸಿಹೇಳಬೇಕಾದವನು ಇಂಗ್ಲಿಷ್ ಅಧ್ಯಾಪಕನಲ್ಲ, ನಾನು. ಮೂರು ವರ್ಷ ನಾನು ಆ ಹುಡುಗನ ಉದ್ದುದ್ದ ವಾಕ್ಯಗಳನ್ನು ತರಗತಿಯಲ್ಲಿ ಓದಿಸಿ ಕೊಂಡಾಡಿದ್ದೆನೇ ಹೊರತು, ಅವು ಯಾವ ಬಲದಿಂದ ನಿಂತಿವೆಯೆಂದು ಒಮ್ಮೆಯೂ ಹೇಳಿರಲಿಲ್ಲ.

ಅಂದು ಸಂಜೆ ಪ್ರಾರ್ಥನೆ ಮುಗಿದ ಮೇಲೆ ಹುಡುಗನನ್ನು ಕೂರಿಸಿಕೊಂಡು ಮೊದಲು ಕನ್ನಡ ವಾಕ್ಯವನ್ನೇ ಬಿಡಿಸಿದೆ. ಪೂರ್ಣ ಕ್ರಿಯಾಪದಗಳನ್ನು ಎಣಿಸು, ಪ್ರತಿಯೊಂದಕ್ಕೂ ಕರ್ತೃವನ್ನು ಹುಡುಕು, ಆಮೇಲೆ ಚಿಹ್ನೆ ಹಾಕು ಎಂದೆ. ಅಧ್ಯಾಪಕರು ಏಳು ಸಂಯೋಜಕಗಳ ಪಟ್ಟಿ ಕೊಟ್ಟಿದ್ದರು: ಫಾರ್, ಆ್ಯಂಡ್, ನಾರ್, ಬಟ್, ಆರ್, ಯೆಟ್, ಸೋ. ಇವುಗಳ ಮೊದಲಕ್ಷರ ಕೂಡಿಸಿದರೆ ‘ಫ್ಯಾನ್‌ಬಾಯ್ಸ್’ ಎಂದಾಗುತ್ತದಂತೆ. ಪಾಣಿನಿಯ ಪ್ರತ್ಯಾಹಾರಗಳನ್ನು ಉರುಹಚ್ಚಿದವನಿಗೆ ಇಂಥ ಸಂಕ್ಷೇಪವೆಂದರೆ ತವರುಮನೆ!

ಹುಡುಗ ಚುರುಕು, ಆದರೆ ಅತಿ ಮಾಡಿದ. ‘ಆ್ಯಂಡ್’ ಕಂಡಲ್ಲೆಲ್ಲ ಅಲ್ಪವಿರಾಮ ಹಾಕಿದ. ‘ಹಿ ಕೇಮ್ ಆ್ಯಂಡ್ ಸ್ಯಾಟ್’ ಎಂಬಲ್ಲಿ ಕರ್ತೃ ಒಬ್ಬನೇ, ಆದ್ದರಿಂದ ಚಿಹ್ನೆ ಬೇಡವೆಂದು ತಿದ್ದಬೇಕಾಯಿತು. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ‘ಹೌಎವರ್’. ನಮ್ಮ ‘ಆದರೆ’ ಎಂಬುದು ‘ಬಟ್’ ಎಂಬುದಕ್ಕೂ ‘ಹೌಎವರ್’ ಎಂಬುದಕ್ಕೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ‘ಬಟ್’ ಸಂಯೋಜಕ. ‘ಹೌಎವರ್’ ಬರಿಯ ಕ್ರಿಯಾವಿಶೇಷಣ. ಎರಡು ಸ್ವತಂತ್ರ ವಾಕ್ಯಗಳ ನಡುವೆ ಅದು ಬಂದರೆ ಅದರ ಹಿಂದೆ ಅರ್ಧವಿರಾಮವನ್ನೋ ಪೂರ್ಣವಿರಾಮವನ್ನೋ ಇಡಲೇಬೇಕು. “ಹಾಗಾದರೆ ಸೀಸರನ ಪ್ರಸಿದ್ಧವಾದ ಮಾತನ್ನು ಇಂಗ್ಲಿಷಿನಲ್ಲಿ ಅಲ್ಪವಿರಾಮಗಳಿಂದಲೇ ಬರೆಯುತ್ತಾರಲ್ಲ, ಗುರುಗಳೇ?” ಎಂದು ಅವನು ಒಂದು ದಿನ ಕೇಳಿದ. ನಾನು ಮತ್ತೆ ಅಧ್ಯಾಪಕರ ಬಳಿಗೆ ಓಡಿದೆ. ತೀರ ಚಿಕ್ಕವಾಗಿ ಒಂದೇ ಅಚ್ಚಿನಲ್ಲಿರುವ ವಾಕ್ಯಗಳಿಗೆ ಆ ರಿಯಾಯಿತಿ ಉಂಟಂತೆ. ಪರೀಕ್ಷೆಯಲ್ಲಿ ಆ ಸಾಹಸ ಬೇಡವೆಂದರು.

ಓಲೆಗರಿಗಳಲ್ಲಿ ಪದಗಳ ನಡುವೆ ತೆರಪನ್ನೂ ಕಾಣದೆ ಓದಿ ಬೆಳೆದ ಪರಂಪರೆ ನಮ್ಮದು. ಈ ಚಿಹ್ನೆಗಳು ಕನ್ನಡಕ್ಕೆ ಬಂದದ್ದು ಅಚ್ಚಿನ ಮೊಳೆಗಳ ಜೊತೆಗೆ. ಅರ್ಧವಿರಾಮವಂತೂ ಯುರೋಪಿನಲ್ಲೇ ಬಹಳ ಹಳೆಯದಲ್ಲ. 1496ರಲ್ಲಿ ವೆನಿಸ್ ನಗರದ ಆಲ್ಡಸ್ ಮನೂಷಿಯಸನ ಮುದ್ರಣಾಲಯದಿಂದ ಹೊರಬಂದ ಪಿಯೆತ್ರೊ ಬೆಂಬೊನ ಲ್ಯಾಟಿನ್ ಗ್ರಂಥದಲ್ಲಿ ಅದು ಅಚ್ಚಾಯಿತು. ಅದನ್ನು ಇಡಲು ನಾನು ಕಲಿತದ್ದು ನನ್ನ ಐವತ್ತೆರಡನೆಯ ವಯಸ್ಸಿನಲ್ಲಿ.

ಟ್ರಂಕು ಮಂಚದ ಕೆಳಕ್ಕೆ ಮರಳಿತು. ವಾರ್ಷಿಕ ಪರೀಕ್ಷೆಗೆ ಮುನ್ನ ಅಧ್ಯಾಪಕರು ತಿದ್ದಿದ ಕೊನೆಯ ಅಭ್ಯಾಸಪತ್ರಿಕೆಯಲ್ಲಿ ಮೂರೇ ವೃತ್ತಗಳಿದ್ದವು. ಮೂರೂ ‘ಹೌಎವರ್’ ಹಿಂದಿನವು. ಹುಡುಗ ಈಗ ಪಿಯುಸಿಯಲ್ಲಿದ್ದಾನೆ.

ಕಳೆದ ತಿಂಗಳು ಆ ಅಧ್ಯಾಪಕರೇ ನನ್ನ ಕೊಠಡಿಗೆ ಬಂದು, ಈ ಸಂಚಿಕೆಗೆಂದು ಕನ್ನಡದಲ್ಲಿ ಬರೆದ ತಮ್ಮ ಲೇಖನವನ್ನು ಮುಂದಿಟ್ಟರು. ‘ನಾನು ಬಂದೆನು ಮತ್ತು ಕುಳಿತೆನು’ ಎಂಬ ಧಾಟಿಯಲ್ಲಿ ಒಂಬತ್ತು ‘ಮತ್ತು’ಗಳು. ಅವರ ಕೆಂಪು ಲೇಖನಿಯನ್ನೇ ಕೇಳಿ ಪಡೆದು ಎಲ್ಲವನ್ನೂ ಸುತ್ತಿದೆ. ಏಳನ್ನು ಒಪ್ಪಿ ‘ಬಂದು ಕುಳಿತೆನು’ ಎಂಬಂತೆ ತಿದ್ದಿಕೊಂಡರು. ಎರಡನ್ನು ಬಿಟ್ಟುಕೊಡಲಿಲ್ಲ, ಅವು ಇದೇ ಸಂಚಿಕೆಯಲ್ಲಿ ಅಚ್ಚಾಗಿವೆ.